ರೂಟರ್ ಮುಟ್ಟಗೊಡದೆ ರೂಟಿಂಗ್ ತೋರಿಸುವುದು: ಓದಲಷ್ಟೇ ಅವಕಾಶವಿರುವ ಲಾಗಿನ್ ಕೊಡುವ ಕ್ರಮ

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಇಂಟರ್ನೆಟ್ ಸೇವೆ ಕೊಡುವ ಸಣ್ಣ ಸಂಸ್ಥೆಗಳ ತಾಂತ್ರಿಕ ಸಿಬ್ಬಂದಿಯಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ‘ಸಿಂಧನೂರಿನ ಕೇಬಲ್ ಆಪರೇಟರ್ ನಮ್ಮ ರೂಟಿಂಗ್ ಪಟ್ಟಿ ನೋಡಬೇಕು ಎನ್ನುತ್ತಾರೆ, ಲಾಗಿನ್ ಹೇಗೆ ಕೊಡುವುದು?’ ‘ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನಿಜವಾದ ಬಿಜಿಪಿ ತೋರಿಸಬೇಕು, ಆದರೆ ರೂಟರ್ ಕೆಡಬಾರದು.’ ‘ರಾತ್ರಿ ಪಾಳಿಯವರು ನೋಡಲಿ, ಏನನ್ನೂ ಬದಲಾಯಿಸದಿರಲಿ.’ ಮೂರಕ್ಕೂ ಉತ್ತರ ಒಂದೇ. ನಿಮ್ಮ ಮುಖ್ಯ ರೂಟರಿನಲ್ಲಿ ಯಾರಿಗೂ ಹೊಸ ಲಾಗಿನ್ ಕೊಡಬೇಡಿ. ಅದರ ರೂಟಿಂಗ್ ಪಟ್ಟಿಯ, ಅಂದರೆ ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಪಟ್ಟಿಯ, ಪ್ರತಿಯನ್ನು ಬೇರೊಂದು ಯಂತ್ರಕ್ಕೆ ತರಿಸಿಕೊಂಡು, ಆ ಯಂತ್ರದ ಬಾಗಿಲನ್ನು ಬೇಕಾದಷ್ಟೇ ತೆರೆಯಿರಿ.

ಅಡ್ಮಿನ್ ಪಾಸ್‌ವರ್ಡನ್ನೇ ವಾಟ್ಸಾಪಿನಲ್ಲಿ ಕಳುಹಿಸಿ ‘ನೋಡಿ ಬಿಡಿ, ಏನೂ ಮುಟ್ಟಬೇಡಿ’ ಎನ್ನುವ ಅಭ್ಯಾಸ ನಮ್ಮ ಕಡೆ ಇದೆ. ದಯವಿಟ್ಟು ಅದನ್ನು ಇವತ್ತೇ ನಿಲ್ಲಿಸಿ. ಬಿಜಿಪಿ ಎಂದರೆ ಬೇರೆ ಬೇರೆ ಸಂಸ್ಥೆಗಳ ಜಾಲಗಳು ‘ಈ ವಿಳಾಸಗಳಿಗೆ ನನ್ನ ಮೂಲಕ ದಾರಿ ಇದೆ’ ಎಂದು ಪರಸ್ಪರ ಸಾರಿಕೊಳ್ಳುವ ವ್ಯವಸ್ಥೆ. ಸಾರಿದ್ದನ್ನು ಪಕ್ಕದವರು ನಂಬುತ್ತಾರೆ. 2008ರ ಫೆಬ್ರವರಿ 24ರಂದು ಪಾಕಿಸ್ತಾನ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹಾಕಿದ ಒಂದು ಸಾಲು ಹೊರಗೆ ಸೋರಿ, ಸುಮಾರು ಎರಡು ಗಂಟೆ ಕಾಲ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗದಂತಾಗಿತ್ತು. ಒಂದು ಸಾಲಿನ ಬಲ ಅಷ್ಟಿದೆ.

ಕಮಾಂಡುಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪಿಸುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಮೊದಲು ಬೇಕಾದವು

ನಿಮ್ಮದೇ ಎಎಸ್ ನಂಬರ್ ಇರಬೇಕು. ಜಾಗತಿಕ ರೂಟಿಂಗಿನಲ್ಲಿ ಒಂದು ಸಂಸ್ಥೆಯ ಜಾಲವನ್ನು ಗುರುತಿಸುವ ಸಂಖ್ಯೆ ಅದು. ಭಾರತದಲ್ಲಿ ಇದನ್ನೂ ಐಪಿ ವಿಳಾಸಗಳನ್ನೂ ನಿಕ್ಸಿಯ (ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ) ಅಡಿಯಲ್ಲಿರುವ ಐಆರ್‌ಐಎನ್‌ಎನ್ ಹಂಚುತ್ತದೆ. ನೀವು ಮೇಲಿನ ಸಂಸ್ಥೆಯಿಂದ (ಇದನ್ನೇ ಅಪ್‌ಸ್ಟ್ರೀಮ್ ಎನ್ನುವುದು) ಬರೀ ಲೀಸ್ಡ್ ಲೈನ್ (ಬಾಡಿಗೆಯ ಮೀಸಲು ಸಂಪರ್ಕ) ಪಡೆದು, ಅವರು ಕೊಟ್ಟ ಐಪಿಗಳನ್ನೇ ಬಳಸುತ್ತಿದ್ದರೆ ನಿಮ್ಮಲ್ಲಿ ತೋರಿಸಲು ಬಿಜಿಪಿ ಪಟ್ಟಿಯೇ ಇರುವುದಿಲ್ಲ. ಆಗ ಒರೆಗಾನ್ ವಿಶ್ವವಿದ್ಯಾಲಯದ ರೂಟ್ ವ್ಯೂಸ್ ಯೋಜನೆಯ ಸಾರ್ವಜನಿಕ ಯಂತ್ರಗಳನ್ನು ಬಳಸಿ. ಜಗತ್ತಿನ ಹಲವು ಜಾಲಗಳಿಂದ ನಿಮ್ಮ ವಿಳಾಸಗಳು ಹೇಗೆ ಕಾಣುತ್ತವೆ ಎಂಬುದನ್ನು ಅವು ತೋರಿಸುತ್ತವೆ. ವಿದ್ಯಾರ್ಥಿಗಳಿಗೆ ಕಲಿಸಲು ಅಷ್ಟು ಸಾಕು.

ಎಎಸ್ ನಂಬರ್ ಇದ್ದವರಿಗೆ ಬೇಕಾದ್ದು ಒಂದು ಸಣ್ಣ ವರ್ಚುವಲ್ ಯಂತ್ರ. ಎರಡು ಕೋರ್, 4 ಜಿಬಿ ಮೆಮೊರಿ, ಡೆಬಿಯನ್ ಲಿನಕ್ಸ್ ಇದ್ದರೆ ಆಯಿತು. ಇಂದು ಪೂರ್ತಿ ಐಪಿವಿ4 ಪಟ್ಟಿಯಲ್ಲಿ ಸುಮಾರು 10 ಲಕ್ಷ ದಾರಿಗಳಿವೆ, ಐಪಿವಿ6ರಲ್ಲಿ 2 ಲಕ್ಷಕ್ಕೂ ಹೆಚ್ಚು. ಇವೆರಡನ್ನೂ ಅಷ್ಟರಲ್ಲಿ ಹಿಡಿದಿಡಬಹುದು. ಅದರೊಳಗೆ ಬಿಜಿಪಿ ಮಾತಾಡುವ ತಂತ್ರಾಂಶವಾಗಿ ಬರ್ಡ್ ಹಾಕಿಕೊಳ್ಳಿ. ಜೆಕ್ ದೇಶದ ಸಿಝಡ್.ನಿಕ್ ಸಂಸ್ಥೆ ಬೆಳೆಸುತ್ತಿರುವ ಮುಕ್ತ ತಂತ್ರಾಂಶವಿದು, ದೊಡ್ಡ ಇಂಟರ್ನೆಟ್ ಎಕ್ಸ್‌ಚೇಂಜುಗಳೂ ಇದನ್ನು ಬಳಸುತ್ತವೆ. ಇಂಥದೇ ಇನ್ನೊಂದು ತಂತ್ರಾಂಶವಾದ ಎಫ್‌ಆರ್‌ಆರ್ ಗೊತ್ತಿದ್ದವರು ಅದನ್ನೇ ಬಳಸಬಹುದು, ಅದರ ಅಪಾಯವನ್ನು ಮುಂದೆ ಹೇಳಿದ್ದೇನೆ.

ಹಂತ 1: ಪಟ್ಟಿಯ ಪ್ರತಿಯನ್ನು ಬೇರೆ ಯಂತ್ರಕ್ಕೆ ತನ್ನಿ

ಈ ಹೊಸ ಯಂತ್ರವನ್ನು ಸಂಗ್ರಾಹಕ ಎನ್ನೋಣ. ಮುಖ್ಯ ರೂಟರಿಗೂ ಇದಕ್ಕೂ ನಡುವೆ ಒಳ-ಬಿಜಿಪಿ ಸಂಪರ್ಕ ಹಾಕಿ, ಅಂದರೆ ಎರಡೂ ಬದಿ ಒಂದೇ ಎಎಸ್ ನಂಬರ್. ರೂಟರಿನ ಕಡೆ ಸಂಗ್ರಾಹಕವನ್ನು ರೂಟ್ ರಿಫ್ಲೆಕ್ಟರ್ ಕ್ಲೈಂಟ್ ಎಂದು ಗುರುತಿಸಿ. ಇದನ್ನು ಮರೆತರೆ, ಬೇರೊಂದು ಒಳ ರೂಟರಿನಿಂದ ಕಲಿತ ದಾರಿಗಳನ್ನು ನಿಮ್ಮ ರೂಟರ್ ಮುಂದೆ ಕೊಡುವುದಿಲ್ಲ. ಪಟ್ಟಿ ಅರ್ಧವಾಗಿ ಕಾಣುತ್ತದೆ, ನೋಡಿದವರು ಜಾಲವೇ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಸಂಗ್ರಾಹಕದಲ್ಲಿ ‘ಇಂಪೋರ್ಟ್ ಆಲ್’, ‘ಎಕ್ಸ್‌ಪೋರ್ಟ್ ನನ್’ ಎಂದು ಬರೆಯಿರಿ. ಬಂದದ್ದೆಲ್ಲ ತೆಗೆದುಕೊ, ಏನನ್ನೂ ಹೊರಗೆ ಹೇಳಬೇಡ ಎಂದರ್ಥ. ಬರ್ಡ್‌ನಲ್ಲಿ ಕರ್ನೆಲ್ ಪ್ರೋಟೊಕಾಲ್ ಎಂಬ ಭಾಗವನ್ನು ಸೇರಿಸಲೇಬೇಡಿ. ಅದು ಇಲ್ಲದಿದ್ದರೆ ಕಲಿತ ದಾರಿಗಳು ನೋಡಲಷ್ಟೇ ಇರುತ್ತವೆ, ಆ ಯಂತ್ರದ ಸ್ವಂತ ಸಂಚಾರ ಅವುಗಳ ಮೇಲೆ ಹರಿಯುವುದಿಲ್ಲ. ಎಫ್‌ಆರ್‌ಆರ್ ಬಳಸುವವರು ಬಿಜಿಪಿಡಿಯನ್ನು (ಅದರಲ್ಲಿ ಬಿಜಿಪಿ ನಡೆಸುವ ಭಾಗ) ಹೈಫನ್ ಎನ್ ಆಯ್ಕೆಯೊಂದಿಗೆ ಶುರು ಮಾಡಿದರೆ ಇದೇ ಫಲ.

ಕೊಪ್ಪಳದಲ್ಲಿ ಕುಳಿತು ಬೆಂಗಳೂರಿನಿಂದ ಒಂದು, ಹೈದರಾಬಾದಿನಿಂದ ಇನ್ನೊಂದು ಲೈನ್ ತೆಗೆದುಕೊಂಡವರು ಇನ್ನೊಂದು ಮಾತು ಗಮನಿಸಿ. ಬಿಜಿಪಿ ಸಾಮಾನ್ಯವಾಗಿ ಪ್ರತಿ ಗುರಿಗೆ ತಾನು ಆರಿಸಿದ ಒಂದೇ ಉತ್ತಮ ದಾರಿಯನ್ನು ಮುಂದೆ ಕೊಡುತ್ತದೆ. ಎರಡೂ ಲೈನುಗಳು ಒಂದೇ ರೂಟರಿಗೆ ಬಂದರೆ ಸಂಗ್ರಾಹಕಕ್ಕೆ ಎರಡನೆಯ ದಾರಿ ಕಾಣಿಸುವುದೇ ಇಲ್ಲ. ‘ಹೈದರಾಬಾದ್ ಕಡೆಯಿಂದ ಈ ವಿಳಾಸ ಬರುತ್ತಿದೆಯೇ?’ ಎಂಬುದೇ ಬಹುಪಾಲು ಜನರ ನಿಜವಾದ ಪ್ರಶ್ನೆ. ನಿಮ್ಮ ರೂಟರಿನಲ್ಲಿ ಆಡ್-ಪಾತ್ ಸೌಲಭ್ಯವಿದ್ದರೆ ಹಾಕಿ. ಅದು ಎಲ್ಲ ಪರ್ಯಾಯ ದಾರಿಗಳನ್ನೂ ಕಳಿಸುವ ವಿಸ್ತರಣೆ. ಎರಡು ಬೇರೆ ರೂಟರುಗಳಿದ್ದರೆ ಎರಡರಿಂದಲೂ ಸಂಪರ್ಕ ಹಾಕಿಕೊಳ್ಳಿ.

ಹಂತ 2: ರೂಟರಿನ ಕಡೆ ಗೋಡೆ ಕಟ್ಟಿ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದು, ಹೆಚ್ಚಿನವರು ಬಿಡುವುದೂ ಇದನ್ನೇ. ಸಂಗ್ರಾಹಕದಲ್ಲಿ ‘ಎಕ್ಸ್‌ಪೋರ್ಟ್ ನನ್’ ಬರೆದಿದ್ದೇವಲ್ಲ ಎಂಬ ಧೈರ್ಯ ಸಾಲದು. ಮುಂದೊಂದು ದಿನ ಯಾರಾದರೂ ಬೀಗ ಮುರಿದು ಒಳಹೊಕ್ಕರೆ ಮೊದಲು ಬದಲಾಗುವುದು ಅದೇ ಸಾಲು. ಆದ್ದರಿಂದ ಮುಖ್ಯ ರೂಟರಿನಲ್ಲಿ ಸಂಗ್ರಾಹಕದಿಂದ ಬರುವ ಎಲ್ಲ ದಾರಿಗಳನ್ನೂ ತಿರಸ್ಕರಿಸುವ ಫಿಲ್ಟರ್ ಹಾಕಿ. ಅದರ ಮೇಲೆ ಗರಿಷ್ಠ ಪ್ರಿಫಿಕ್ಸ್ ಮಿತಿಯನ್ನು 1ಕ್ಕೆ ಇಡಿ. ಪ್ರಿಫಿಕ್ಸ್ ಎಂದರೆ ಒಂದೇ ಘಟಕವಾಗಿ ಸಾರುವ ಐಪಿ ವಿಳಾಸಗಳ ಗುಂಪು, ಉದಾಹರಣೆಗೆ 203.0.113.0/24. ಕೆಲವು ರೂಟರುಗಳು ಫಿಲ್ಟರಿಗೆ ಮುಂಚೆ ಎಣಿಸುತ್ತವೆ, ಕೆಲವು ಆಮೇಲೆ. ಮುಂಚೆ ಎಣಿಸುವ ರೂಟರಿನಲ್ಲಿ, ಸಂಗ್ರಾಹಕ ಎಂದಾದರೂ ಬಾಯಿ ತೆರೆದು ಒಂದಕ್ಕಿಂತ ಹೆಚ್ಚು ಪ್ರಿಫಿಕ್ಸ್ ಸಾರಿದರೆ ಸಂಪರ್ಕವೇ ಕಡಿದು ನಿಮಗೆ ಸುದ್ದಿ ಮುಟ್ಟುತ್ತದೆ.

ಬಿಜಿಪಿ ನಡೆಯುವ ಟಿಸಿಪಿ ಪೋರ್ಟ್ 179. ಸಂಗ್ರಾಹಕದಲ್ಲಿ ಈ ಪೋರ್ಟಿಗೆ ರೂಟರಿನ ವಿಳಾಸದಿಂದ ಮಾತ್ರ ಪ್ರವೇಶವಿರಲಿ. ಸಂಗ್ರಾಹಕದಿಂದ ನಿಮ್ಮ ಮ್ಯಾನೇಜ್‌ಮೆಂಟ್ ಜಾಲಕ್ಕೆ, ಅಂದರೆ ರೂಟರುಗಳ, ಸ್ವಿಚ್ಚುಗಳ, ಒಎಲ್‌ಟಿಗಳ (ಮನೆಗಳ ಫೈಬರ್ ಬಂದು ಸೇರುವ ಪೆಟ್ಟಿಗೆ) ಲಾಗಿನ್ ಇರುವ ಜಾಲಕ್ಕೆ, ದಾರಿಯೇ ಇರಬಾರದು.

ನಿಮ್ಮ ರೂಟರ್ ಬಿಎಂಪಿ (ಬಿಜಿಪಿ ಮೇಲ್ವಿಚಾರಣಾ ಪ್ರೋಟೊಕಾಲ್) ಬೆಂಬಲಿಸಿದರೆ ಅದು ಇನ್ನೂ ಒಳ್ಳೆಯದು. 2016ರಲ್ಲಿ ಪ್ರಮಾಣಿತವಾದ ಈ ವಿಧಾನದಲ್ಲಿ ರೂಟರ್ ತನ್ನ ಪಟ್ಟಿಯನ್ನು ಹೊರಗೆ ಹೇಳುತ್ತದೆಯೇ ಹೊರತು ಆ ಸಂಪರ್ಕದಿಂದ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಆದರೆ ಅದನ್ನು ಸ್ವೀಕರಿಸಿ ತೋರಿಸಲು ಬೇರೆ ತಂತ್ರಾಂಶ ಬೇಕು. ಮೊದಲ ಸಲ ಮಾಡುವವರು ಬಿಜಿಪಿಯಲ್ಲೇ ಶುರು ಮಾಡಿ.

‘ಬೇರೆ ಯಂತ್ರವಿಲ್ಲ, ರೂಟರಿನಲ್ಲೇ ರೀಡ್ ಗುಂಪಿನ ಬಳಕೆದಾರನನ್ನು ಮಾಡಿದರೆ ಸಾಲದೇ?’ ಎಂದು ಮೈಕ್ರೋಟಿಕ್ ಕಂಪನಿಯ ರೂಟರ್ ಬಳಸುವವರು ಕೇಳುತ್ತಾರೆ. ಸಾಲದು. ಆ ಗುಂಪಿನ ಹೆಸರು ರೀಡ್ ಆದರೂ ಅದರ ಮೂಲ ಅನುಮತಿಗಳಲ್ಲಿ ರೀಬೂಟ್ ಸೇರಿದೆ, ಸ್ನಿಫ್ ಸೇರಿದೆ. ಅಂದರೆ ‘ಓದುವವರು’ ನಿಮ್ಮ ರೂಟರನ್ನು ಮತ್ತೆ ಚಾಲೂ ಮಾಡಬಲ್ಲರು, ಹಾದುಹೋಗುವ ಪ್ಯಾಕೆಟ್ಟುಗಳನ್ನು ಹಿಡಿದು ನೋಡಬಲ್ಲರು. ಬೇರೆ ದಾರಿಯೇ ಇಲ್ಲದಿದ್ದರೆ ಹೊಸ ಗುಂಪು ಮಾಡಿ, ಎಸ್‌ಎಸ್‌ಎಚ್ (ದೂರದಿಂದ ಭದ್ರವಾಗಿ ಲಾಗಿನ್ ಆಗುವ ವಿಧಾನ) ಮತ್ತು ರೀಡ್ ಎರಡನ್ನೇ ಕೊಡಿ.

ಹಂತ 3: ಓದಲಷ್ಟೇ ಬಿಡುವ ಕ್ಲೈಂಟ್ ಆರಿಸಿ

ಬರ್ಡ್ ಜೊತೆ ಬರುವ ‘ಬರ್ಡ್‌ಸಿಎಲ್’ ಎಂಬ ಸರಳ ಕ್ಲೈಂಟಿಗೆ ಹೈಫನ್ ಆರ್ ಎಂಬ ಆಯ್ಕೆಯಿದೆ. ಅದನ್ನು ಕೊಟ್ಟರೆ ಆ ಅಧಿವೇಶನ ಪೂರ್ತಿ ನಿರ್ಬಂಧಿತ. ‘ಶೋ’ ಕಮಾಂಡುಗಳು ನಡೆಯುತ್ತವೆ, ‘ಕಾನ್‌ಫಿಗರ್’, ‘ಡಿಸೇಬಲ್’, ‘ಡೌನ್’ ನಡೆಯುವುದಿಲ್ಲ. ನಿರ್ಬಂಧವನ್ನು ಮಧ್ಯದಲ್ಲಿ ತೆಗೆಯುವ ಕಮಾಂಡೂ ಇಲ್ಲ.

ಎಡವುವ ಜಾಗ ಇಲ್ಲಿದೆ. ಕ್ಲೈಂಟ್ ಬರ್ಡ್‌ನೊಂದಿಗೆ ಮಾತಾಡುವುದು ಒಂದು ಸಾಕೆಟ್ ಕಡತದ ಮೂಲಕ. ಅತಿಥಿ ಬಳಕೆದಾರನನ್ನು, ಅಂದರೆ ನೀವು ಲಾಗಿನ್ ಕೊಡುವವರನ್ನು, ‘ಬರ್ಡ್’ ಗುಂಪಿಗೆ ಸೇರಿಸಿದರೆ ಕೆಲಸವೇನೋ ನಡೆಯುತ್ತದೆ. ಆದರೆ ಆತನಿಗೆ ಶೆಲ್ (ಕಮಾಂಡ್ ಟೈಪಿಸುವ ಜಾಗ) ಸಿಕ್ಕ ಕ್ಷಣ ಹೈಫನ್ ಆರ್ ಇಲ್ಲದೆಯೇ ಕ್ಲೈಂಟ್ ತೆರೆದು, ತನ್ನದೇ ಕಾನ್‌ಫಿಗರೇಷನ್ ಕಡತವನ್ನು ಹೇರಬಹುದು. ಗುಂಪಿಗೆ ಸೇರಿಸಬೇಡಿ. ಬದಲಿಗೆ ರೂಟ್ (ಯಂತ್ರದ ಪೂರ್ಣ ಅಧಿಕಾರವಿರುವ ಖಾತೆ) ಒಡೆತನದ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದು, ಅದೊಂದನ್ನೇ ‘ಬರ್ಡ್’ ಬಳಕೆದಾರನ ಹೆಸರಿನಲ್ಲಿ ನಡೆಸಲು ಸುಡೋ (ಆಯ್ದ ಕಮಾಂಡನ್ನು ಬೇರೆ ಖಾತೆಯ ಅಧಿಕಾರದಲ್ಲಿ ನಡೆಸಲು ಬಿಡುವ ಸಾಧನ) ನಿಯಮದ ಮೂಲಕ ಅನುಮತಿ ಕೊಡಿ.

ಎಫ್‌ಆರ್‌ಆರ್‌ನಲ್ಲಿ ಅಪಾಯ ಹೆಚ್ಚು. ಅದರ ಕ್ಲೈಂಟ್ ‘ವಿಟಿವೈಎಸ್‌ಎಚ್’ ತೆರೆದುಕೊಳ್ಳುವುದೇ ಪೂರ್ಣ ಅಧಿಕಾರದ ಸ್ಥಿತಿಯಲ್ಲಿ, ಅಲ್ಲಿ ‘ಕಾನ್‌ಫಿಗರ್ ಟರ್ಮಿನಲ್’ ಎಂದರೆ ಮುಗಿಯಿತು. ಹೈಫನ್ ಯು ಆಯ್ಕೆ ಅದನ್ನು ಸಾಮಾನ್ಯ ಬಳಕೆದಾರನ ಮಟ್ಟಕ್ಕೆ ಇಳಿಸುತ್ತದೆ. ಮೇಲೆ ಹೇಳಿದ ಸುಡೋ ಕ್ರಮ ಅಲ್ಲಿಯೂ ಕಡ್ಡಾಯ.

ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆ ಬಲ್ಲವರಿಗೆ ಕೆಲಸ ಹಗುರ. ಅದರ ಓಪನ್‌ಬಿಜಿಪಿಡಿಯಲ್ಲಿ ಕಾನ್‌ಫಿಗರೇಷನ್ನಿನ ಸಾಕೆಟ್ ಸಾಲಿನ ಕೊನೆಗೆ ‘ರಿಸ್ಟ್ರಿಕ್ಟೆಡ್’ ಎಂದು ಸೇರಿಸಿದರೆ ಓದುವ ಕಮಾಂಡುಗಳಿಗಷ್ಟೇ ಉತ್ತರಿಸುವ ಪ್ರತ್ಯೇಕ ಸಾಕೆಟ್ ಸಿಗುತ್ತದೆ. ಲಾಗಿನ್ ಶೆಲ್ ಆಗಿಯೇ ಇಡಬಹುದಾದ ‘ಬಿಜಿಪಿಎಲ್‌ಜಿಎಸ್‌ಎಚ್’ ಕೂಡ ಆ ವ್ಯವಸ್ಥೆಯೊಂದಿಗೇ ಬರುತ್ತದೆ. ಈ ಕೆಲಸಕ್ಕೆಂದೇ ಯೋಚಿಸಿ ಮಾಡಿದ ಸಾಧನ ಅದು. ನಮ್ಮ ಕಡೆ ಲಿನಕ್ಸ್ ಬಲ್ಲವರೇ ಹೆಚ್ಚಾದ್ದರಿಂದ ಮುಂದಿನ ಹಂತಗಳನ್ನು ಲಿನಕ್ಸಿಗೆ ಹೊಂದಿಸಿ ಹೇಳುತ್ತೇನೆ.

ಹಂತ 4: ಸ್ಕ್ರಿಪ್ಟ್ ಬರೆಯಿರಿ

ಸ್ಕ್ರಿಪ್ಟ್ ಬಳಕೆದಾರನಿಂದ ಎರಡೇ ಸಂಗತಿ ಕೇಳಲಿ: ಯಾವ ಕೆಲಸ, ಯಾವ ವಿಳಾಸ. ಕೆಲಸಗಳು ನಾಲ್ಕೈದು ಸಾಕು. ಒಂದು ವಿಳಾಸಕ್ಕೆ ದಾರಿ ತೋರಿಸುವುದು, ಅದರ ಪೂರ್ಣ ವಿವರ, ಬಿಜಿಪಿ ಸಂಪರ್ಕಗಳ ಸ್ಥಿತಿ, ಪಿಂಗ್ (ವಿಳಾಸ ಉತ್ತರಿಸುತ್ತದೆಯೇ ಎಂಬ ಪರೀಕ್ಷೆ), ಟ್ರೇಸ್‌ರೂಟ್ (ದಾರಿಯಲ್ಲಿ ಸಿಗುವ ರೂಟರುಗಳನ್ನು ತೋರಿಸುವುದು). ಅನುಮತಿಸಿದ್ದನ್ನು ಪಟ್ಟಿ ಮಾಡಿ, ಉಳಿದದ್ದೆಲ್ಲ ತಾನಾಗಿ ತಿರಸ್ಕಾರವಾಗಲಿ. ‘ಇವಿಷ್ಟು ಬೇಡ’ ಎಂಬ ಪಟ್ಟಿ ಎಂದೂ ಪೂರ್ಣವಾಗುವುದಿಲ್ಲ.

ವಿಳಾಸದಲ್ಲಿ ಅಂಕಿ, ಚುಕ್ಕಿ, ಓರೆಗೆರೆ ಮಾತ್ರ ಇರಬೇಕು. ಐಪಿವಿ6 ಬೇಕಿದ್ದರೆ ಎ-ಯಿಂದ ಎಫ್‌ವರೆಗಿನ ಅಕ್ಷರಗಳನ್ನೂ ವಿವರಣ ಚಿಹ್ನೆಯನ್ನೂ (:) ಸೇರಿಸಿ. ಐಪಿವಿ4 ವಿಳಾಸದ ಪ್ರತಿ ಭಾಗ 0ರಿಂದ 255ರೊಳಗೆ, ಓರೆಗೆರೆಯ ನಂತರದ ಸಂಖ್ಯೆ 32ರೊಳಗೆ ಇದೆಯೇ ನೋಡಿ. ಹೈಫನ್‌ನಿಂದ ಶುರುವಾದ ಯಾವುದನ್ನೂ ಒಳಗೆ ಬಿಡಬೇಡಿ, ಇಲ್ಲವಾದರೆ ಅದು ವಿಳಾಸದ ವೇಷದಲ್ಲಿ ಪಿಂಗ್‌ಗೆ ಆಯ್ಕೆಯಾಗಿ ಹೋಗುತ್ತದೆ. ಬಂದ ಪಠ್ಯವನ್ನು, ಪಠ್ಯವನ್ನೇ ಕಮಾಂಡಾಗಿ ನಡೆಸುವ ‘ಇವ್ಯಾಲ್’ಗೆ ಎಂದೂ ಕೊಡಬೇಡಿ. ಈ ಪರೀಕ್ಷೆಗಳು ಸುಡೋ ಮೂಲಕ ನಡೆಯುವ ಒಳಗಿನ ಸ್ಕ್ರಿಪ್ಟಿನಲ್ಲೇ ಇರಬೇಕು. ಹೊರಗಿನ ಮೆನುವಿನಲ್ಲಿ (ಲಾಗಿನ್ ಆದೊಡನೆ ಅತಿಥಿಗೆ ಕಾಣುವ, ಈ ಸ್ಕ್ರಿಪ್ಟನ್ನು ಕರೆಯುವ ಆಯ್ಕೆಗಳ ಪಟ್ಟಿ) ಮಾತ್ರ ಇದ್ದರೆ ಮೆನು ತಪ್ಪಿಸಿಕೊಂಡವರಿಗೆ ತಡೆಯೇ ಇರುವುದಿಲ್ಲ.

ಪಿಂಗ್, ಟ್ರೇಸ್‌ರೂಟ್‌ಗಳಲ್ಲಿ ಒಳ ವಿಳಾಸಗಳನ್ನು ನಿರಾಕರಿಸಿ: 10.0.0.0/8, 172.16.0.0/12, 192.168.0.0/16, ಜೊತೆಗೆ 100.64.0.0/10. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಒಂದು ಸಾರ್ವಜನಿಕ ಐಪಿಯನ್ನು ಹಲವು ಮನೆಗಳಿಗೆ ಹಂಚುವ ಸಿಜಿನ್ಯಾಟ್ ವ್ಯವಸ್ಥೆಗೆಂದು ಮೀಸಲಾದ ವಿಳಾಸಗಳಿವು. ಇವುಗಳನ್ನು ಬಿಟ್ಟುಕೊಟ್ಟರೆ ಅತಿಥಿ ನಿಮ್ಮ ಗ್ರಾಹಕರ ಮನೆಯ ಉಪಕರಣಗಳನ್ನೇ ತಟ್ಟಿ ನೋಡಬಹುದು.

ಪೂರ್ತಿ ಪಟ್ಟಿ ಕೇಳಲು ಬಿಡಬೇಡಿ. 10 ಲಕ್ಷ ಸಾಲು ಯಾರೂ ಓದುವುದಿಲ್ಲ, ಯಂತ್ರ ಮಾತ್ರ ಬಳಲುತ್ತದೆ. ಪ್ರತಿ ಉತ್ತರವನ್ನು 200 ಸಾಲಿಗೆ ಕತ್ತರಿಸಿ, ‘ಟೈಮ್‌ಔಟ್’ ಕಮಾಂಡಿನಿಂದ 20 ಸೆಕೆಂಡ್ ಮಿತಿ ಹಾಕಿ. ಉತ್ತರವನ್ನು ‘ಲೆಸ್’ ಮೂಲಕ ಪುಟ ಪುಟವಾಗಿ ತೋರಿಸುವ ಆಸೆ ಬೇಡ: ಅದರೊಳಗೆ ಆಶ್ಚರ್ಯಸೂಚಕ ಚಿಹ್ನೆ ಒತ್ತಿದರೆ ಶೆಲ್ ಕಮಾಂಡ್ ನಡೆಸಬಹುದು. ಬಹಳ ಬೀಗಗಳು ಮುರಿದದ್ದು ಇಲ್ಲೇ.

ಹಂತ 5: ಎಸ್‌ಎಸ್‌ಎಚ್ ಬಾಗಿಲನ್ನು ಕಿರಿದು ಮಾಡಿ

ಅತಿಥಿಗೆ ಒಂದು ಲಿನಕ್ಸ್ ಖಾತೆ ತೆರೆಯಿರಿ. ಆ ಖಾತೆಯ ಹೋಮ್ ಡೈರೆಕ್ಟರಿ ಮತ್ತು ಅದರೊಳಗಿನ ಎಲ್ಲವೂ ರೂಟ್ ಒಡೆತನದಲ್ಲಿರಲಿ, ಅತಿಥಿಗೆ ಅಲ್ಲಿ ಬರೆಯುವ ಅನುಮತಿ ಬೇಡ. ಅಧಿಕೃತ ಕೀಲಿಗಳ ಕಡತವನ್ನು (ಯಾವ ಎಸ್‌ಎಸ್‌ಎಚ್ ಕೀಲಿಗೆ ಪ್ರವೇಶವಿದೆ ಎಂಬ ಪಟ್ಟಿ) ಆತನೇ ತಿದ್ದುವಂತಿದ್ದರೆ ನೀವು ಅದರಲ್ಲಿ ಬರೆದ ಕೀಲಿ ನಿರ್ಬಂಧಗಳು ಒಂದು ದಿನವೂ ಉಳಿಯುವುದಿಲ್ಲ.

ಎಸ್‌ಎಸ್‌ಎಚ್ ಸರ್ವರಿನ ಕಾನ್‌ಫಿಗರೇಷನ್ ಕಡತದ ಕಟ್ಟಕಡೆಯಲ್ಲಿ ‘ಮ್ಯಾಚ್ ಯೂಸರ್’ ವಿಭಾಗ ಬರೆಯಿರಿ. ಕಟ್ಟಕಡೆಯಲ್ಲೇ ಏಕೆಂದರೆ, ಆ ಸಾಲಿನಿಂದ ಕೆಳಗಿರುವುದೆಲ್ಲ ಆ ಬಳಕೆದಾರನಿಗೆ ಸೇರಿದ್ದು ಎಂದೇ ಸರ್ವರ್ ಭಾವಿಸುತ್ತದೆ. ಅದರೊಳಗೆ ‘ಫೋರ್ಸ್‌ಕಮಾಂಡ್’ ಎಂದು ನಿಮ್ಮ ಮೆನುವಿನ ಪೂರ್ಣ ಹಾದಿ ಕೊಡಿ. ಅತಿಥಿ ಯಾವ ಕಮಾಂಡ್ ಕೇಳಿದರೂ, ಎಸ್‌ಎಫ್‌ಟಿಪಿ (ಕಡತ ವರ್ಗಾವಣೆ) ಕೇಳಿದರೂ ಅದೇ ಮೆನು ತೆರೆಯುತ್ತದೆ.

ಪೋರ್ಟ್ ಫಾರ್ವರ್ಡಿಂಗ್ ಮುಚ್ಚುವುದನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ. ಫಾರ್ವರ್ಡಿಂಗ್ ಎಂದರೆ ನಿಮ್ಮ ಯಂತ್ರದ ಮೂಲಕ ಸುರಂಗ ತೋಡಿ ಬೇರೆ ಯಂತ್ರಕ್ಕೆ ಹೋಗುವುದು. ಮೆನು ಮುಂದಿದ್ದರೂ ಹಿಂದಿನಿಂದ ಸುರಂಗ ನಡೆಯುತ್ತದೆ. ‘ಡಿಸೇಬಲ್‌ಫಾರ್ವರ್ಡಿಂಗ್ ಯೆಸ್’ ಎಂಬ ಒಂದೇ ಸಾಲು ಸಾಕೆಂದು ಹಲವು ಕಡೆ ಬರೆದಿರುತ್ತಾರೆ. ಓಪನ್‌ಎಸ್‌ಎಸ್‌ಎಚ್ 10.0ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಆ ಸಾಲು ಎಕ್ಸ್11 (ಚಿತ್ರ ಕಿಟಕಿಗಳ) ಮತ್ತು ಏಜೆಂಟ್ (ಲಾಗಿನ್ ಕೀಲಿಗಳ) ಫಾರ್ವರ್ಡಿಂಗನ್ನು ತಡೆಯುತ್ತಿರಲಿಲ್ಲ, ಆ ದೋಷ 2025ರಲ್ಲಿ ಸರಿಯಾಯಿತು. ಹಾಗಾಗಿ ಆ ಸಾಲಿನ ಜೊತೆಗೆ ಟಿಸಿಪಿ, ಏಜೆಂಟ್, ಎಕ್ಸ್11, ಟನಲ್ ನಾಲ್ಕನ್ನೂ ಪ್ರತ್ಯೇಕ ಸಾಲುಗಳಲ್ಲಿ ‘ನೋ’ ಎಂದು ಬರೆಯಿರಿ.

ಲಾಗಿನ್ ಶೆಲ್ ವಿಷಯದಲ್ಲಿ ಇನ್ನೊಂದು ತೊಡಕು. ಭದ್ರವಾಗಿರಲಿ ಎಂದು ‘ನೋಲಾಗಿನ್’ ಇಟ್ಟರೆ ಮೆನುವೂ ತೆರೆಯುವುದಿಲ್ಲ, ಏಕೆಂದರೆ ಫೋರ್ಸ್‌ಕಮಾಂಡನ್ನು ನಡೆಸುವುದೇ ಆ ಶೆಲ್. ಡೆಬಿಯನ್ನಿನಲ್ಲಿ ‘ಎಸ್‌ಎಚ್’ ಎಂದರೆ ಡ್ಯಾಶ್ ಎಂಬ ಸಣ್ಣ ಶೆಲ್, ಅದನ್ನಿಡಿ. ಬ್ಯಾಶ್ ಬೇಡ ಎನ್ನಲು ಕಾರಣವಿದೆ: 2014ರ ಸೆಪ್ಟೆಂಬರಿನಲ್ಲಿ ಬಯಲಾದ ಶೆಲ್‌ಶಾಕ್ ದೋಷದಿಂದ ಫೋರ್ಸ್‌ಕಮಾಂಡಿನ ಬೀಗವನ್ನೇ ದಾಟಬಹುದಾಗಿತ್ತು. ಅತಿಥಿ ಟೈಪಿಸಿದ ಮೂಲ ಕಮಾಂಡನ್ನು ಎಸ್‌ಎಸ್‌ಎಚ್ ಒಂದು ಪರಿಸರ ಚರದಲ್ಲಿ ಹಾಕಿ ಶೆಲ್ಲಿಗೆ ಕೊಡುತ್ತದೆ, ಬ್ಯಾಶ್ ಅದನ್ನು ಓದುವಾಗಲೇ ಎಡವಿತ್ತು. ಆ ದೋಷ ಹೋಗಿದೆ. ಬೇಕಿಲ್ಲದ ದೊಡ್ಡ ಶೆಲ್ ಮಾತ್ರ ಈಗಲೂ ಬೇಕಿಲ್ಲ.

ಪಾಸ್‌ವರ್ಡ್ ಲಾಗಿನ್ ತೆಗೆದು, ಪ್ರತಿಯೊಬ್ಬರಿಗೂ ಪ್ರತ್ಯೇಕ ಕೀಲಿ ಕೇಳಿ. ಕೀಲಿಯ ಸಾಲಿನ ಮೊದಲು ‘ರಿಸ್ಟ್ರಿಕ್ಟ್’ ಪದ ಸೇರಿಸಿದರೆ ಎರಡನೆಯ ಬೀಗವಾಗುತ್ತದೆ. ಆದರೆ ಅದು ಟರ್ಮಿನಲ್ಲನ್ನೂ ತಡೆಯುವುದರಿಂದ ಪಕ್ಕದಲ್ಲೇ ‘ಪಿಟಿವೈ’ ಎಂದು ಬರೆಯಬೇಕು.

ಬದಲಾವಣೆ ಜಾರಿಗೆ ತರುವ ಮುನ್ನ ‘ಎಸ್‌ಎಸ್‌ಎಚ್‌ಡಿ ಹೈಫನ್ ಟಿ’ ನಡೆಸಿ ಬರಹದ ದೋಷ ನೋಡಿಕೊಳ್ಳಿ. ನಿಮ್ಮ ಈಗಿನ ಲಾಗಿನ್ನನ್ನು ತೆರೆದೇ ಇಟ್ಟು ಇನ್ನೊಂದು ಕಿಟಕಿಯಿಂದ ಪ್ರಯತ್ನಿಸಿ. ಯಂತ್ರ ಬಳ್ಳಾರಿಯಲ್ಲಿದ್ದು ನೀವು ಲಿಂಗಸುಗೂರಿನಲ್ಲಿದ್ದರೆ ಈ ಎಚ್ಚರಿಕೆಯ ಬೆಲೆ ಒಂದು ಬಸ್ ಪ್ರಯಾಣ.

ಹಂತ 6: ಲಾಗ್ ಮತ್ತು ಗಡಿಯಾರ

ಯಾರು, ಯಾವಾಗ, ಏನು ಕೇಳಿದರು ಎಂಬುದನ್ನು ಒಳಗಿನ ಸ್ಕ್ರಿಪ್ಟ್ ಪ್ರತಿ ಸಲ ದಾಖಲಿಸಲಿ, ಲಾಗಿನ ಪ್ರತಿ ಬೇರೆ ಯಂತ್ರಕ್ಕೂ ಹೋಗಲಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೇವಾದಾರರು ಲಾಗುಗಳನ್ನು 180 ದಿನ ಇಟ್ಟುಕೊಳ್ಳಬೇಕು, ಗಡಿಯಾರಗಳನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ಎನ್‌ಪಿಎಲ್‌ನ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸಮಯಕ್ಕೆ ಹೊಂದಿಸಬೇಕು. ಈ ಸಣ್ಣ ಯಂತ್ರವನ್ನೂ ಆ ಲೆಕ್ಕಕ್ಕೆ ಸೇರಿಸಿ.

ಹಂತ 7: ನೀವೇ ಮುರಿದು ನೋಡಿ

ಕೊಡುವ ಮೊದಲು ಅತಿಥಿಯ ಕೀಲಿಯಿಂದ ನೀವೇ ಒಳಹೋಗಿ. ಕಡತ ಕಳಿಸಲು ಎಸ್‌ಸಿಪಿ ಪ್ರಯತ್ನಿಸಿ. ಹೈಫನ್ ಎಲ್ (ದೊಡ್ಡಕ್ಷರ, -L) ಆಯ್ಕೆಯಿಂದ ರೂಟರಿನ ಲಾಗಿನ್ ಪೋರ್ಟಿಗೆ ಸುರಂಗ ತೋಡಲು ನೋಡಿ. ವಿಳಾಸದ ಜಾಗದಲ್ಲಿ ಅರ್ಧವಿರಾಮ, ಡಾಲರ್ ಚಿಹ್ನೆ, ಹಿಮ್ಮುಖ ಉದ್ಧರಣ ಚಿಹ್ನೆ, ಸಾವಿರ ಅಕ್ಷರಗಳ ಕಸ ಎಲ್ಲ ಹಾಕಿ. ಉತ್ತರ ಬರುತ್ತಿರುವಾಗ ಕಂಟ್ರೋಲ್-ಸಿ, ಕಂಟ್ರೋಲ್-ಝಡ್ ಒತ್ತಿ. ಸರಿಯಾದ ಫಲ ಎರಡೇ: ಮೆನು ಮತ್ತೆ ಬರಬೇಕು, ಇಲ್ಲವೇ ಸಂಪರ್ಕ ಕಡಿಯಬೇಕು. ಡಾಲರ್ ಚಿಹ್ನೆಯ ಶೆಲ್ ಪ್ರಾಂಪ್ಟ್ ಕಂಡರೆ ಹಂತ 4ಕ್ಕೆ ಹಿಂತಿರುಗಿ. ಕೊನೆಗೆ ಸಂಗ್ರಾಹಕದಲ್ಲಿ ಬೇಕೆಂದೇ 192.0.2.0/24ನ್ನು ಸಾರಿ, ಮುಖ್ಯ ರೂಟರ್ ಅದನ್ನು ತಿರಸ್ಕರಿಸಿತೇ ನೋಡಿ. ಇದು ಉದಾಹರಣೆಗಳಿಗೆಂದೇ ಮೀಸಲಿಟ್ಟ ವಿಳಾಸ, ಯಾರಿಗೂ ಸೇರಿದ್ದಲ್ಲ.

ಹಂತ 8: ಓದುವುದನ್ನೂ ಹೇಳಿಕೊಡಿ

ಲಾಗಿನ್ ಕೊಟ್ಟು ಸುಮ್ಮನಾದರೆ ಸಿಂಧನೂರಿನ ಆಪರೇಟರ್ ಮತ್ತೆ ನಿಮಗೇ ಫೋನ್ ಮಾಡುತ್ತಾರೆ. ಒಂದು ಪುಟದ ಕನ್ನಡ ಟಿಪ್ಪಣಿ ಜೊತೆಗಿಡಿ. ಎಎಸ್ ಪಾತ್ ಎಂದರೆ ದಾರಿಯಲ್ಲಿ ಸಿಗುವ ಜಾಲಗಳ ಸರಣಿ. ಎಡತುದಿಯಲ್ಲಿರುವುದು ನಿಮಗೆ ಹತ್ತಿರದ ಅಪ್‌ಸ್ಟ್ರೀಮ್, ಬಲತುದಿಯಲ್ಲಿರುವುದು ಆ ವಿಳಾಸದ ಒಡೆಯ. ಒಂದೇ ಸಂಖ್ಯೆ ಸಾಲಾಗಿ ಮೂರು ನಾಲ್ಕು ಸಲ ಕಂಡರೆ ತಪ್ಪಲ್ಲ, ಆ ದಾರಿಯ ಆಕರ್ಷಣೆ ಕಡಿಮೆ ಮಾಡಲು ಬೇಕೆಂದೇ ಹಾಗೆ ಬರೆದಿರುತ್ತಾರೆ. ದಾರಿಯೇ ಇಲ್ಲ ಎಂದು ಬಂದರೆ ತೊಂದರೆ ರೂಟಿಂಗಿನದು, ನಿಮಗೆ ತಿಳಿಸಬೇಕು. ದಾರಿ ಇದ್ದು ಪುಟ ತೆರೆಯದಿದ್ದರೆ ಮೊದಲು ಡಿಎನ್‌ಎಸ್ (ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ), ಆಮೇಲೆ ತಮ್ಮದೇ ಫೈಬರ್ ನೋಡಿಕೊಳ್ಳಬೇಕು. ಟ್ರೇಸ್‌ರೂಟಿನ ನಡುವೆ ನಕ್ಷತ್ರಗಳು ಕಂಡ ಮಾತ್ರಕ್ಕೆ ಗಾಬರಿ ಬೇಡ. ಅನೇಕ ರೂಟರುಗಳು ಆ ಪ್ರಶ್ನೆಗೆ ಉತ್ತರಿಸುವುದೇ ಇಲ್ಲ, ಕೊನೆಯ ಸಾಲು ಮುಟ್ಟಿತೇ ಎಂಬುದು ಮುಖ್ಯ.

ಟಿಪ್ಪಣಿಯ ಕೆಳಗೆ ಈ ಲಾಗಿನ್ ಸಂಗ್ರಾಹಕದ ನೋಟ ಎಂಬುದನ್ನೂ ಬರೆಯಿರಿ. ಅದರಿಂದ ಮಾಡಿದ ಪಿಂಗ್ ಸಂಗ್ರಾಹಕ ಇರುವ ಜಾಗದಿಂದ ಹೊರಡುತ್ತದೆ, ಆಪರೇಟರ್ ಇರುವ ಊರಿನಿಂದಲ್ಲ. ಕೀಲಿಗಳನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸಿ. ಕೆಲಸ ಬಿಟ್ಟವರ, ಕೋರ್ಸ್ ಮುಗಿಸಿದ ವಿದ್ಯಾರ್ಥಿಗಳ ಕೀಲಿಯನ್ನು ಅದೇ ವಾರ ತೆಗೆದುಹಾಕಿ.